ಮತ್ತೆ ವಿಮಾನ ಕಟ್ಟಲು ಕೂತವರಿಗೆ: ರೇಡಿಯೋ ಕಂಟ್ರೋಲ್ ಸ್ಕೇಲ್ ಮಾಡೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬತ್ತರ ದಶಕದ ಕೊನೆಯಲ್ಲಿ ಎನ್‌ಸಿಸಿ ಏರ್ ವಿಂಗ್ ಕೆಡೆಟ್ ಆಗಿದ್ದಾಗ, ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ, ನಾನು ಮೊದಲ ಸಲ ಬಾಲ್ಸಾ ಅನ್ನುವ ಹಗುರ ಮರ ಕೈಗೆ ತೆಗೆದುಕೊಂಡಿದ್ದು. ಮೊದಲು ಕೈಯಲ್ಲಿ ಎಸೆಯುವ ಗ್ಲೈಡರ್, ಆಮೇಲೆ ತಂತಿ ಹಿಡಿದು ಸುತ್ತ ತಿರುಗಿಸುವ ಕಂಟ್ರೋಲ್ ಲೈನ್, ಕೊನೆಗೆ ಸೀನಿಯರ್ ಒಬ್ಬರ ರೇಡಿಯೋ ಸೆಟ್ಟಿನಲ್ಲಿ ಒಂದು ಟ್ರೇನರ್, ಅಂದರೆ ಕಲಿಯುವವರ ವಿಮಾನ. ಮುಂದೆ ಕೆಲಸ, ಸಂಸಾರ, ಮನೆ ಸಾಲ. ಇಪ್ಪತ್ತಾರು ವರ್ಷ ವಿಮಾನದ ಸುದ್ದಿಗೇ ಹೋಗಲಿಲ್ಲ. ಮತ್ತೆ ಶುರು ಮಾಡಿ ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ನನ್ನ ಹಾಗೆಯೇ ಐವತ್ತರ ಆಸುಪಾಸಿನಲ್ಲಿ ಮರಳಿ ಬಂದ ಅನೇಕರು ಸಿಕ್ಕಿದ್ದಾರೆ. ಸ್ಕೇಲ್ ಮಾಡೆಲ್, ಅಂದರೆ ನಿಜವಾದ ವಿಮಾನವನ್ನು ಅದೇ ಅನುಪಾತದಲ್ಲಿ ಕಿರಿದು ಮಾಡಿ ಕಟ್ಟಿದ್ದು, ಅದರ ಬಗ್ಗೆ ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳು. ಉತ್ತರಗಳನ್ನು ಬೆಂಗಳೂರಿನ ಗಾಳಿ, ಬೆಂಗಳೂರಿನ ಅಂಗಡಿ, ಬೆಂಗಳೂರಿನ ಮನೆಗಳನ್ನು ನೋಡಿ ಬರೆದಿದ್ದೇನೆ.

ಇಷ್ಟು ವರ್ಷ ಬಿಟ್ಟಿದ್ದೇನೆ. ಎಲ್ಲಾ ಮರೆತುಹೋಗಿರುತ್ತಾ?

ಕಟ್ಟುವ ಕೈ ಮರೆತಿರುವುದಿಲ್ಲ, ಹಾರಿಸುವ ಕೈ ಮರೆತಿರುತ್ತದೆ. ಇದೊಂದನ್ನು ಮೊದಲೇ ಒಪ್ಪಿಕೊಂಡರೆ ಬಹಳ ನಷ್ಟ ತಪ್ಪುತ್ತದೆ. ಬ್ಲೇಡು ಹಿಡಿದ ಕೂಡಲೇ ಬಾಲ್ಸಾದ ಎಳೆ ಯಾವ ಕಡೆ ಓಡುತ್ತಿದೆ ಅನ್ನುವುದು ಬೆರಳಿಗೆ ತಾನಾಗಿ ಗೊತ್ತಾಗುತ್ತದೆ. ಮರಳುಕಾಗದ ಎಷ್ಟು ಒತ್ತಬೇಕು, ಪಿನ್ನು ಎಲ್ಲಿ ಚುಚ್ಚಬೇಕು, ಎಲ್ಲ ವಾರದೊಳಗೆ ವಾಪಸು ಬರುತ್ತದೆ. ಅದೇ ಧೈರ್ಯದಲ್ಲಿ ಜನ ಹೊಲಕ್ಕೆ ಹೋಗಿಬಿಡುತ್ತಾರೆ.

ನಾನೂ ಹಾಗೇ ಹೋದೆ. ಮರಳಿ ಬಂದ ವರ್ಷ ಆರು ತಿಂಗಳು ಕೂತು ಪೈಪರ್ ಕಬ್ ಅನ್ನುವ ಅಮೆರಿಕದ ಹಳೇ ಪುಟ್ಟ ವಿಮಾನದ ಮಾಡೆಲ್ ಕಟ್ಟಿದೆ. ಹಳದಿ ಬಣ್ಣ, ಕಪ್ಪು ಪಟ್ಟೆ, ಒಳಗೆ ಪುಟ್ಟ ಪುಟ್ಟ ಮೀಟರುಗಳು. ಟ್ರೇನರ್ ಯಾಕೆ, ನನಗೆ ಬರುತ್ತದಲ್ಲ ಅಂದುಕೊಂಡು ನೇರ ಅದನ್ನೇ ಎತ್ತಿದೆ. ಎರಡು ಸುತ್ತು ಚೆನ್ನಾಗಿ ಬಂತು. ಮೂರನೇ ಸುತ್ತಿನಲ್ಲಿ ವಿಮಾನ ನನ್ನ ಕಡೆ ಮುಖ ಮಾಡಿ ಬರುತ್ತಿದ್ದಾಗ ಗಾಳಿಗೆ ಒಂದು ರೆಕ್ಕೆ ತಗ್ಗಿತು. ಮುಖ ನಮ್ಮ ಕಡೆ ಇರುವಾಗ ಎಡ ಬಲ ಅದಲುಬದಲಾಗುತ್ತದೆ. ಅದು ತಲೆಗೆ ಗೊತ್ತಿತ್ತು, ಹೆಬ್ಬೆರಳಿಗೆ ಗೊತ್ತಿರಲಿಲ್ಲ. ತಪ್ಪು ಕಡೆ ತಳ್ಳಿದೆ, ರೆಕ್ಕೆ ಇನ್ನೂ ತಗ್ಗಿತು, ಗಾಬರಿಯಲ್ಲಿ ಇನ್ನೂ ತಳ್ಳಿದೆ. ರಾಗಿ ಕೂಳೆಯ ಮಧ್ಯೆ ಮೂಗು ಮುರಿದು ನಿಂತಿದ್ದ ಆ ಹಳದಿ ವಿಮಾನ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅದಕ್ಕೇ ಎಲ್ಲರಿಗೂ ಇದನ್ನು ಹೇಳುತ್ತೇನೆ. ವಿಮಾನ ನಿಮ್ಮ ಕಡೆಗೆ ಬರುತ್ತಿದ್ದರೆ, ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸ್ಟಿಕ್ ತಳ್ಳಿ, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ, ಬರೀ ಎದುರು ಬರುವ ವಿಮಾನವನ್ನು ನೆಟ್ಟಗೆ ಇಡುವುದನ್ನೇ ಒಂದು ತಿಂಗಳು ಮಾಡಿ. ಲೂಪು, ರೋಲು ಆಮೇಲೆ.

ಅಟ್ಟದ ಮೇಲಿರುವ ಹಳೇ ರೇಡಿಯೋ ಸೆಟ್ಟು ಕೆಲಸಕ್ಕೆ ಬರುತ್ತಾ?

ನೆನಪಿಗೆ ಇಟ್ಟುಕೊಳ್ಳಿ, ಹಾರಿಸಬೇಡಿ. 72 ಅಥವಾ 35 ಮೆಗಾಹರ್ಟ್ಸ್‌ನ ಆ ಸೆಟ್ಟುಗಳಲ್ಲಿ ಚಾನೆಲ್ ಗೊತ್ತುಮಾಡುವ ಕ್ರಿಸ್ಟಲ್ ಇರುತ್ತಿತ್ತು. ಒಬ್ಬರ ಚಾನೆಲ್ಲಿನಲ್ಲಿ ಇನ್ನೊಬ್ಬರು ಸ್ವಿಚ್ ಹಾಕಿದರೆ ಇಬ್ಬರಲ್ಲಿ ಒಬ್ಬರ ವಿಮಾನ ನೆಲಕ್ಕೆ. ಮೈದಾನದಲ್ಲಿ ಹಲಗೆಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಸರದಿ ಕಾಯುತ್ತಿದ್ದುದು ನಿಮಗೂ ನೆನಪಿರಬೇಕು. ಈಗ ಎಲ್ಲವೂ 2.4 ಗಿಗಾಹರ್ಟ್ಸ್. ಈ ಬ್ಯಾಂಡಿಗೆ ನಮ್ಮ ದೇಶದಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ರಿಸೀವರ್ ತನ್ನ ಟ್ರಾನ್ಸ್‌ಮಿಟರನ್ನು ಮಾತ್ರ ಗುರುತಿಸುತ್ತದೆ, ಹತ್ತು ಜನ ಒಟ್ಟಿಗೆ ಹಾರಿಸಿದರೂ ಒಬ್ಬರದು ಇನ್ನೊಬ್ಬರಿಗೆ ಅಡ್ಡಬರುವುದಿಲ್ಲ. ಮೀಟರುದ್ದದ ಆಂಟೆನಾ ಹೋಗಿ ಬೆರಳುದ್ದದ ಎರಡು ತಂತಿ ಬಂದಿವೆ. ಎರಡನ್ನೂ ಒಂದಕ್ಕೊಂದು ಲಂಬಕೋನದಲ್ಲಿ ಹೊಂದಿಸಿ, ಕಾರ್ಬನ್ ಫೈಬರ್‌ನಿಂದಲೂ ಬ್ಯಾಟರಿಯಿಂದಲೂ ದೂರ ಇಡಿ.

ಹಳೇ ಸರ್ವೋಗಳು, ಅಂದರೆ ರೆಕ್ಕೆ ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳು, ಪರೀಕ್ಷೆಗೆ ಆಗುತ್ತವೆ. ವಿಮಾನಕ್ಕೆ ಹೊಸದು ಹಾಕಿ. ಒಳಗಿನ ಪೊಟೆನ್ಶಿಯೋಮೀಟರ್ ಮೂವತ್ತು ವರ್ಷದ ಧೂಳು ಕುಡಿದಿರುತ್ತದೆ, ಯಾವಾಗ ನಡುಗುತ್ತದೆ ಅಂತ ಹೇಳಲಾಗದು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸಕ್ಕೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಥ್ರಾಟಲ್ (ವೇಗದ ಸ್ಟಿಕ್) ಎಡಗೈಯಲ್ಲಿರಬೇಕಾ, ಬಲಗೈಯಲ್ಲಾ?

ಮೊದಲು ಯಾವುದರಲ್ಲಿ ಕಲಿತಿದ್ದಿರೋ ಅದರಲ್ಲೇ ಮುಂದುವರಿಯಿರಿ. ಯಾರ ಮಾತು ಕೇಳಿಯೂ ಬದಲಾಯಿಸಬೇಡಿ.

ಇಂಜಿನ್ ಬಿಗಿದುಕೊಂಡಿದೆ, ಪ್ರೊಪೆಲ್ಲರ್ ತಿರುಗುತ್ತಲೇ ಇಲ್ಲ.

ಬಹುಮಟ್ಟಿಗೆ ಅದು ಹರಳೆಣ್ಣೆಯ ಕೆಲಸ. ಆಗಿನ ಡೀಸೆಲ್ ಮಾಡೆಲ್ ಇಂಜಿನ್ನಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಹೆಚ್ಚುಕಡಿಮೆ ಸಮಪಾಲು ಹಾಕುತ್ತಿದ್ದೆವು. ಗ್ಲೋ ಇಂಜಿನ್ನಿಗೆ ಮೆಥನಾಲ್ ಮತ್ತು ಹರಳೆಣ್ಣೆ. ಆ ಎಣ್ಣೆ ವರ್ಷಗಟ್ಟಲೆ ನಿಂತು ವಾರ್ನಿಶ್ ಆಗಿರುತ್ತದೆ. ಇಕ್ಕಳ ಹಾಕಿ ತಿರುಗಿಸಲು ಹೋಗಬೇಡಿ. ಹೀಟ್ ಗನ್ನಿನಿಂದ ನಿಧಾನಕ್ಕೆ ಬಿಸಿ ಮಾಡುತ್ತಾ ಕೈಯಲ್ಲಿ ಪ್ರೊಪೆಲ್ಲರನ್ನು ಆಚೆ ಈಚೆ ಅಲುಗಿಸಿ. ಒಂದು ಕ್ಷಣದಲ್ಲಿ ಅಂಟು ಬಿಡುತ್ತದೆ, ಜೊತೆಗೇ ಆ ಹಳೇ ವಾಸನೆ ಮೂಗಿಗೆ ಬರುತ್ತದೆ. ನನಗೆ ಆ ವಾಸನೆಯಲ್ಲಿ ಇಡೀ ಜಕ್ಕೂರು ಮೈದಾನ ಕಾಣಿಸಿತು.

ಮತ್ತೆ ಅದನ್ನೇ ಹಾರಿಸಬೇಕೇ ಅಂದರೆ, ಬೇಡ ಅನ್ನುತ್ತೇನೆ. ಮೆಥನಾಲ್ ವಿಷ, ಮಾರಾಟಕ್ಕೆ ಕಟ್ಟುಪಾಡುಗಳಿವೆ, ಮನೆಯಲ್ಲಿ ಶೇಖರಿಸಿಡುವ ವಸ್ತುವೂ ಅಲ್ಲ. ಸದ್ದಿನ ವಿಷಯ ಬೇರೆ. ಹೊಲ ಕೊಟ್ಟ ರೈತರ ದನ ಬೆದರಿದರೆ ಮುಂದಿನ ವಾರ ಹೊಲ ಇರುವುದಿಲ್ಲ. ಎಲೆಕ್ಟ್ರಿಕ್ ಮೋಟಾರಿಗೆ ಹೋಗಿ.

ಮೊದಲ ವಿಮಾನ ಯಾವುದಿರಲಿ?

ಮೇಲೆ ರೆಕ್ಕೆಯಿರುವ, ತುದಿಯಿಂದ ತುದಿಗೆ 1.2ರಿಂದ 1.4 ಮೀಟರ್ ಇರುವ ಫೋಮ್ ಟ್ರೇನರ್. ಚೆಂದ ನೋಡಬೇಡಿ. ಮೂರು ತಿಂಗಳು ವಾರಕ್ಕೊಮ್ಮೆ ಹಾರಿಸಿ, ಬಿದ್ದರೆ ಅಂಟಿಸಿ ಮತ್ತೆ ಎಸೆಯಿರಿ. ಸಂಜೆ ಹೊತ್ತು ಮನೆಯ ಮೇಜಿನ ಮೇಲೆ ಸ್ಕೇಲ್ ಮಾಡೆಲ್ ಬೆಳೆಯುತ್ತಿರಲಿ. ಅದು ಮುಗಿಯುವ ಹೊತ್ತಿಗೆ ಕೈ ತಯಾರಾಗಿರುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ಒಳ್ಳೆಯ ಟ್ರಾನ್ಸ್‌ಮಿಟರಿಗೆ ಹಾಕಿ. ವಿಮಾನಗಳು ಬರುತ್ತವೆ, ಹೋಗುತ್ತವೆ, ಅದು ಹತ್ತು ವರ್ಷ ಜೊತೆಗಿರುತ್ತದೆ.

ಸ್ಕೇಲ್ ಅಂದಮೇಲೆ ಯಾವ ವಿಮಾನ? ಸ್ಪಿಟ್‌ಫೈರ್ ಕಟ್ಟುವ ಆಸೆ.

ಎರಡನೇ ಮಹಾಯುದ್ಧದ ಆ ಬ್ರಿಟಿಷ್ ಫೈಟರ್ ಕಟ್ಟುವ ಆಸೆ ಎಲ್ಲರಿಗೂ ಇದೆ. ಮೊನಚು ರೆಕ್ಕೆ, ಕಿರಿದಾದ ಲ್ಯಾಂಡಿಂಗ್ ಗೇರ್ (ಚಕ್ರಗಳ ಕಾಲು), ಭಾರ; ಮರಳಿ ಬಂದವರಿಗೆ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕು. ನಾನು ಬೇರೆ ಮಾತು ಹೇಳುತ್ತೇನೆ, ಇದನ್ನು ಮನಸ್ಸಿಟ್ಟು ಕೇಳಿ. ಸ್ಪಿಟ್‌ಫೈರ್‌ಗೆ, ಕಬ್‌ಗೆ, ಮಸ್ಟ್ಯಾಂಗ್‌ಗೆ ಬೇಕಾದಷ್ಟು ಪ್ಲಾನುಗಳಿವೆ, ಕಿಟ್ಟುಗಳಿವೆ. ನಮ್ಮ ಊರಲ್ಲೇ ಹುಟ್ಟಿದ ವಿಮಾನಗಳನ್ನು ಕಟ್ಟುವವರು ಕಡಿಮೆ. ನಾವು ಕಟ್ಟದಿದ್ದರೆ ಇನ್ಯಾರು ಕಟ್ಟುತ್ತಾರೆ?

ಎಚ್‌ಎಎಲ್ ಶುರುವಾದದ್ದು 1940ರಲ್ಲಿ. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಕಾರ್ಖಾನೆ ಅದು. ಅಲ್ಲಿ ವಿ. ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಹಿಂದೆ ಮುಂದೆ ಎರಡು ಸೀಟು, ಕೆಳಗೆ ರೆಕ್ಕೆ, ಬಾಲದಲ್ಲಿ ಚಕ್ರ. 1958ರಲ್ಲಿ ಪುಷ್ಪಕ್ ಬಂತು. ಪಕ್ಕಪಕ್ಕ ಎರಡು ಸೀಟು, ಮೇಲೆ ರೆಕ್ಕೆ, ಅದಕ್ಕೆ ಕೆಳಗಿನಿಂದ ಆನಿಕೆ ಕೊಟ್ಟ ಸ್ಟ್ರಟ್ಟು, ಬಟ್ಟೆಯ ಹೊದಿಕೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್ಟುಗಳು ಮೊದಲು ಹತ್ತಿದ್ದು ಅದನ್ನೇ. 1961ರಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ಯುದ್ಧ ಜೆಟ್.

ಮಾರುತ್ ಸದ್ಯಕ್ಕೆ ದೂರದ ಮಾತು. ಪುಷ್ಪಕ್‌ನಿಂದ ಶುರು ಮಾಡಿ. ರೆಕ್ಕೆ ಉದ್ದಕ್ಕೂ ಒಂದೇ ಅಗಲ, ತುದಿ ಮಾತ್ರ ಗುಂಡಗೆ. ರಿಬ್ಬುಗಳೆಲ್ಲ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳೆಲ್ಲ, ಒಂದೇ ಅಳತೆ. ಎತ್ತರದ ರೆಕ್ಕೆಯಾದ್ದರಿಂದ ಗಾಳಿಯಲ್ಲಿ ತಾನಾಗಿ ನೆಟ್ಟಗಾಗುವ ಗುಣವೂ ಇದೆ. ಎಚ್‌ಟಿ-2 ಎರಡನೆಯದಾಗಲಿ.

ಅಳತೆ, ಬಣ್ಣ, ಕೀಲು ನೋಡಲು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಮಾರತ್ತಹಳ್ಳಿ ಹತ್ತಿರದ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. 2001ರಿಂದ ಇದೆ. ಎಚ್‌ಟಿ-2, ಮಾರುತ್ ಎರಡೂ ಅಲ್ಲಿ ನಿಂತಿವೆ. ಕ್ಯಾಮೆರಾಗೆ ಅನುಮತಿ ಕೌಂಟರಿನಲ್ಲಿ ಕೇಳಿಕೊಳ್ಳಿ. ಪಕ್ಕದಿಂದ, ಎದುರಿನಿಂದ, ಹಿಂದಿನಿಂದ, ಆದಷ್ಟು ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಬಾಲ ಕುಗ್ಗುತ್ತದೆ. ಆಮೇಲೆ ಹತ್ತಿರ ಹೋಗಿ ಐಲೆರಾನಿನ (ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಕೀಲು, ಚಕ್ರದ ಬುಡ, ರಿವೆಟ್ಟಿನ ಸಾಲು. ಒಂದು ಬೆಳಿಗ್ಗೆ ಪೂರ್ತಿ ಇಟ್ಟುಕೊಂಡು ಹೋಗಿ.

ಎಷ್ಟು ದೊಡ್ಡದು ಕಟ್ಟಬೇಕು?

ಪುಷ್ಪಕ್‌ಗೆ ನನ್ನ ಉತ್ತರ ಏಳರಲ್ಲಿ ಒಂದು. ಲೆಕ್ಕ ನೋಡಿ. ನಿಜವಾದ ಪುಷ್ಪಕ್‌ನ ರೆಕ್ಕೆಯಗಲ ತುದಿಯಿಂದ ತುದಿಗೆ ಸುಮಾರು 36 ಅಡಿ, ಅಂದರೆ ಹತ್ತಿರ ಹತ್ತಿರ 11 ಮೀಟರ್. ಏಳರಿಂದ ಭಾಗಿಸಿದರೆ 1.57 ಮೀಟರ್. ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್. ವಿಸ್ತೀರ್ಣವನ್ನು ಏಳರ ವರ್ಗದಿಂದ, ಅಂದರೆ 49ರಿಂದ ಭಾಗಿಸಬೇಕು. ಬರುವುದು 33 ಚದರ ಡೆಸಿಮೀಟರ್. ತೂಕವನ್ನು ಏಳರ ಘನದಿಂದ, 343ರಿಂದ. ತುಂಬಿದ ಪುಷ್ಪಕ್ ಸುಮಾರು 610 ಕಿಲೊ, ಮಾಡೆಲ್ 1.8 ಕಿಲೊ ಆಗುತ್ತದೆ. ಆಗ ಚದರ ಡೆಸಿಮೀಟರಿಗೆ ಬೀಳುವ ಭಾರ 55 ಗ್ರಾಂ, ಶಾಂತವಾಗಿ ಹಾರುವ ವಿಮಾನಕ್ಕೆ ಬಹಳ ಒಳ್ಳೆಯ ಸಂಖ್ಯೆ.

ಇನ್ನೊಂದು ಕಾರಣವೂ ಇದೆ. 1.8 ಕಿಲೊ ಅಂದರೆ 2 ಕಿಲೊ ಒಳಗೇ ಉಳಿದ ಹಾಗಾಯಿತು. ಆ ಗೆರೆ ಕಾನೂನಿನಲ್ಲಿ ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ. ಆರರಲ್ಲಿ ಒಂದು ಕಟ್ಟಿದರೆ ಇದೇ ಲೆಕ್ಕದಲ್ಲಿ 2.8 ಕಿಲೊ ದಾಟುತ್ತದೆ. ಎರಡು ತುಂಡಾಗುವ ರೆಕ್ಕೆ ಮಾಡಿ, ಒಂದೊಂದು 78 ಸೆಂಟಿಮೀಟರ್. ಸಣ್ಣ ಕಾರಿನ ಹಿಂದಿನ ಸೀಟಿನಲ್ಲೂ ಕೂರುತ್ತದೆ, ಮನೆಯ ಅಟ್ಟದ ಮೇಲೂ.

ಬಾಲ್ಸಾ ಸಿಗುತ್ತಾ? ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಸಿಗುತ್ತದೆ, ದುಬಾರಿ. ಜಗತ್ತಿನ ಬಾಲ್ಸಾದ ದೊಡ್ಡ ಪಾಲು ಎಕ್ವಡಾರ್‌ನಿಂದ ಬರುತ್ತದೆ, ಗಾಳಿಯಂತ್ರದ ರೆಕ್ಕೆಗಳ ತಯಾರಿಕೆಗೂ ಅದೇ ಮರ ಬೇಕು. ಅದಕ್ಕೇ ಎಲ್ಲ ಕಡೆ ಬಾಲ್ಸಾ ಬೇಡ. ಸ್ಪಾರ್‌ಗೆ (ರೆಕ್ಕೆಯ ಬೆನ್ನೆಲುಬು) ನೇರ ಎಳೆಯ ಪೈನ್ ಪಟ್ಟಿ ಸಾಕು. ಮೆಷಿನ್ ಬಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಗಂಟಿಲ್ಲದ ಜಾಗ ಹುಡುಕಿ ಸೀಳಿಸಿದರೆ ಒಳ್ಳೆಯ ಪಟ್ಟಿ ಸಿಗುತ್ತದೆ. ಫೈರ್‌ವಾಲ್‌ಗೆ, ಅಂದರೆ ಮೋಟಾರು ಕೂರುವ ಹಲಗೆಗೆ, ಲ್ಯಾಂಡಿಂಗ್ ಗೇರ್ ಕೂರುವ ಜಾಗಕ್ಕೆ ಪ್ಲೈವುಡ್. ರಿಬ್ಬು, ಬಾಲ, ರೆಕ್ಕೆಯ ಮುಂದಿನ ಅಂಚಿಗೆ ಮಾತ್ರ ಬಾಲ್ಸಾ.

ಕೊಳ್ಳಲು ಹೋಗುವಾಗ ಅಡುಗೆಮನೆಯ ಪುಟ್ಟ ತಕ್ಕಡಿ ಜೇಬಿನಲ್ಲಿರಲಿ. ಮೂರಡಿ ಉದ್ದ, ನಾಲ್ಕಿಂಚು ಅಗಲ, 3 ಮಿಲಿಮೀಟರ್ ದಪ್ಪದ ಹಾಳೆ 30 ಗ್ರಾಂ ತೂಗಿದರೆ ಬಾಲಕ್ಕೆ, ರಿಬ್ಬಿಗೆ ತೆಗೆದಿಡಿ. 45 ಗ್ರಾಂ ತೂಗಿದರೆ ಫ್ಯೂಸಲಾಜಿನ, ಅಂದರೆ ವಿಮಾನದ ಮೈಯ, ಉದ್ದ ಪಟ್ಟಿಗಳಿಗೆ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ. ಬಾಲಕ್ಕೆ ಭಾರದ ಹಾಳೆ ಹಾಕಿದರೆ ಮೂಗಿಗೆ ಅದರ ಮೂರು ಪಟ್ಟು ಸೀಸ ತುಂಬಬೇಕಾಗುತ್ತದೆ.

ರಿಬ್ಬು ಕತ್ತರಿಸುವುದು ನನಗೆ ಇಡೀ ಕೆಲಸದಲ್ಲಿ ಅತಿ ಪ್ರಿಯವಾದದ್ದು. ಪ್ಲೈವುಡ್ಡಿನಲ್ಲಿ ಎರಡು ಅಚ್ಚು ಮಾಡಿ, ಮಧ್ಯೆ ಬಾಲ್ಸಾ ತುಂಡುಗಳನ್ನು ಇಸ್ಪೀಟಿನ ಎಲೆಯ ಹಾಗೆ ಜೋಡಿಸಿ, ಎರಡು ಬೋಲ್ಟು ಬಿಗಿದು ಒಟ್ಟಿಗೇ ಕೆತ್ತಿ ಉಜ್ಜಿ. ಮರಳುಕಾಗದ ಪ್ಲೈವುಡ್ಡಿಗೆ ತಾಗಿದಾಗ ಸದ್ದು ಬದಲಾಗುತ್ತದೆ, ಮೆತ್ತನೆ ಸದ್ದು ಕರಕರ ಆಗುತ್ತದೆ. ಆಗ ನಿಲ್ಲಿಸಿ. ಬೋಲ್ಟು ಬಿಚ್ಚಿದರೆ ಹನ್ನೊಂದು ರಿಬ್ಬು, ಒಂದರ ಹಾಗೆ ಇನ್ನೊಂದು.

ಗುಂಡಗಿನ ರೆಕ್ಕೆ ತುದಿಗೆ ಒಂದೂವರೆ ಮಿಲಿಮೀಟರಿನ ಪಟ್ಟಿಗಳನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಇಟ್ಟು, ರಟ್ಟಿನ ಅಚ್ಚಿನ ಸುತ್ತ ಬಗ್ಗಿಸಿ ಕಟ್ಟಿ. ರಾತ್ರಿ ಒಣಗಿದ ಮೇಲೆ ಮೂರು ಪದರ ಅಂಟಿಸಿದರೆ ಕಡ್ಡಿಯಷ್ಟು ತೆಳು, ಆದರೂ ಮುರಿಯುವುದಿಲ್ಲ.

ಅಂಟು?

ಮರಕ್ಕೆ ಮರ ಫೆವಿಕಾಲ್. ನಿಧಾನ, ಆದರೆ ಹಗುರ, ಉಜ್ಜಲು ಸುಲಭ. ಫೈರ್‌ವಾಲ್, ಗೇರ್, ರೆಕ್ಕೆ ಸೇರುವ ಜಾಗ ಅರಾಲ್ಡೈಟ್, ಅದೂ ನಿಧಾನಕ್ಕೆ ಗಟ್ಟಿಯಾಗುವುದು. ಫೆವಿಕ್ವಿಕ್ ರಿಪೇರಿಗೆ ಮಾತ್ರ, ಕಿಟಕಿ ತೆಗೆದಿಟ್ಟು. ಥರ್ಮೋಕೋಲಿಗೆ ತಾಗಿಸಬೇಡಿ, ಕರಗುತ್ತದೆ.

ಹೊದಿಕೆಗೆ ಇಸ್ತ್ರಿಯಿಂದ ಅಂಟಿಸುವ ಪ್ಲಾಸ್ಟಿಕ್ ಫಿಲಂ ಹಾಕಲೋ, ಹಳೇ ಕಾಲದ ರೇಷ್ಮೆ ಹಾಕಲೋ?

ಟ್ರೇನರ್ ಆದರೆ ಫಿಲಂ. ಪುಷ್ಪಕ್‌ಗೆ ರೇಷ್ಮೆ. ಬೆಂಗಳೂರಿನಲ್ಲಿದ್ದು ರೇಷ್ಮೆ ಬಿಟ್ಟರೆ ಹೇಗೆ? ಚಿಕ್ಕಪೇಟೆಯಲ್ಲಿ ಲೈನಿಂಗಿಗೆ ಕೊಡುವ ಅತಿ ತೆಳು ರೇಷ್ಮೆ ಕೇಳಿ, ಬೆಳಕಿಗೆ ಹಿಡಿದರೆ ಬೆರಳು ಕಾಣಬೇಕು. ಬಟ್ಟೆ ಒದ್ದೆ ಮಾಡಿ ರೆಕ್ಕೆ ಮೇಲೆ ಹರಡಿ, ಅಂಚಿಗೆ ಡೋಪ್ (ಬಟ್ಟೆಯನ್ನು ಬಿಗಿಸುವ ವಾರ್ನಿಶ್‌ನಂಥ ದ್ರವ) ಹಚ್ಚಿ ಎಳೆದು ಕೂರಿಸಿ. ಒಣಗುತ್ತಾ ತಾನಾಗಿ ಬಿಗಿಯುತ್ತದೆ. ಆಮೇಲೆ ನಾಲ್ಕೈದು ಕೈ ತೆಳು ಡೋಪ್. ಕೊನೆಯ ಎರಡು ಕೈಗೆ ಕೆಲವು ಹನಿ ಹರಳೆಣ್ಣೆ ಬೆರೆಸಿ, ಅತಿಯಾಗಿ ಬಿಗಿದು ರೆಕ್ಕೆ ತಿರುಚಿಕೊಳ್ಳುವುದು ತಪ್ಪುತ್ತದೆ. ನಿಜವಾದ ಪುಷ್ಪಕ್‌ನ ಬಟ್ಟೆಯ ಕೆಳಗೆ ರಿಬ್ಬಿನ ಸಾಲು ಹೇಗೆ ಮೂಡಿ ಕಾಣುತ್ತದೋ ಇದರಲ್ಲೂ ಹಾಗೇ ಕಾಣುತ್ತದೆ. ಫಿಲಂ ಎಷ್ಟು ಚೆನ್ನಾಗಿ ಹಾಕಿದರೂ ಆ ಮೈ ಬರುವುದಿಲ್ಲ. ಡೋಪ್ ಹಚ್ಚುವುದು ಮಹಡಿ ಮೇಲೆ, ಒಣ ಹವೆಯಲ್ಲಿ. ಮಳೆಗಾಲದಲ್ಲಿ ಹಚ್ಚಿದರೆ ಬೂದು ಬಡಿದ ಹಾಗೆ ಬೆಳ್ಳಗಾಗುತ್ತದೆ.

ಮೋಟಾರು, ಬ್ಯಾಟರಿ ಲೆಕ್ಕ ಹೇಗೆ?

ಕಿಲೊಗೆ 200 ವಾಟ್ ಅಂತ ಇಟ್ಟುಕೊಳ್ಳಿ. ನಮ್ಮ 1.8 ಕಿಲೊ ಪುಷ್ಪಕ್‌ಗೆ 360 ವಾಟ್. ನಾಲ್ಕು ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 14.8 ವೋಲ್ಟ್, ಆಗ ಕರೆಂಟು 24 ಆಂಪ್ಸ್ ಆಸುಪಾಸು. 40 ಆಂಪ್ಸಿನ ಸ್ಪೀಡ್ ಕಂಟ್ರೋಲರ್ ಹಾಕಿದರೆ ನೆಮ್ಮದಿ. 2200 ಮಿಲಿಆಂಪ್ ಅವರ್ ಬ್ಯಾಟರಿಯಲ್ಲಿ ಟೈಮರ್ ಆರು ನಿಮಿಷಕ್ಕೆ ಇಡಿ. ತಂತಿ, ಕನೆಕ್ಟರ್, ಹೀಟ್ ಶ್ರಿಂಕ್ ಎಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಒಂದು ವಾಟ್ ಮೀಟರನ್ನೂ ತಗೊಳ್ಳಿ.

2022ರ ಫೆಬ್ರವರಿಯಿಂದ ಪೂರ್ತಿ ಡ್ರೋನ್‌ಗಳನ್ನು ಹೊರದೇಶದಿಂದ ತರಿಸಲು ನಿರ್ಬಂಧವಿದೆ, ಬಿಡಿಭಾಗಗಳಿಗಿಲ್ಲ. ಆದರೂ ರೇಡಿಯೋ ಉಪಕರಣಕ್ಕೆ ಕಸ್ಟಮ್ಸ್‌ನಲ್ಲಿ ಬೇರೆ ಕಾಗದ ಕೇಳುತ್ತಾರೆ, ಆದ್ದರಿಂದ ಇಲ್ಲಿನ ವ್ಯಾಪಾರಿಗಳ ಹತ್ತಿರವೇ ಕೊಳ್ಳಿ.

ಲೈಪೋ ಬೆಂಕಿ ಹತ್ತುತ್ತೆ ಅಂತಾರೆ.

ಹತ್ತುತ್ತದೆ. ಹೆದರಬೇಡಿ, ಗೌರವ ಕೊಡಿ. ಸೆಲ್ಲಿಗೆ 4.2 ವೋಲ್ಟ್ ಮೀರಬಾರದು, ಹಾರಿಸಿ ಇಳಿಸಿದಾಗ 3.6ಕ್ಕಿಂತ ಕೆಳಗೆ ಹೋಗಿರಬಾರದು, ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಬೇಕು. ಚಾರ್ಜ್ ಮಾಡುವಾಗ ಎದ್ದು ಹೋಗಬಾರದು, ರಾತ್ರಿ ಹಾಕಿ ಮಲಗಲೇಬಾರದು. ನಾನು ಬಾಲ್ಕನಿಯಲ್ಲಿ ಮಣ್ಣಿನ ಹೂಕುಂಡದೊಳಗೆ ಇಟ್ಟು ಚಾರ್ಜ್ ಮಾಡುತ್ತೇನೆ, ಪಕ್ಕದಲ್ಲಿ ಬಕೆಟ್ ತುಂಬ ಒಣ ಮರಳು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದೇ ಸಲ ಅಂತ ಹಾರಿಸಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ.

ಎಲ್ಲಿ ಹಾರಿಸೋದು? ಕಾನೂನು ಏನು ಹೇಳುತ್ತೆ?

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಾಲ್ಕು ಪ್ರೊಪೆಲ್ಲರಿನ ಡ್ರೋನ್‌ಗಳ ಜೊತೆ ನಮ್ಮ ವಿಮಾನಗಳಿಗೂ ಅನ್ವಯಿಸುತ್ತವೆ. ಒಟ್ಟು ತೂಕ 25 ಕಿಲೊ ಮೀರದೆ, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಖುಷಿಗಾಗಿ ಮಾತ್ರ, ಕಣ್ಣಿಗೆ ಕಾಣುವಷ್ಟು ದೂರದೊಳಗೆ ಹಾರಿಸುವುದನ್ನು ಅಲ್ಲಿ ಮಾಡೆಲ್ ಅಂತ ಕರೆದಿದ್ದಾರೆ, ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. ತೂಕದ ಪ್ರಕಾರ 250 ಗ್ರಾಂವರೆಗೆ ನ್ಯಾನೊ, 2 ಕಿಲೊವರೆಗೆ ಮೈಕ್ರೊ, ಅಲ್ಲಿಂದ 25 ಕಿಲೊವರೆಗೆ ಸ್ಮಾಲ್. ನ್ಯಾನೊಗೂ, ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೊಗೂ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ. ಏಳರಲ್ಲಿ ಒಂದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನೋಂದಣಿ ಬೇರೆ ವಿಷಯ. ಸರ್ಟಿಫಿಕೇಟ್ ಬೇಡ ಅಂದಮಾತ್ರಕ್ಕೆ ನೋಂದಣಿಯೂ ಬೇಡ ಅಂತ ತಿಳಿಯಬೇಡಿ. ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ, ಪ್ರತಿ ಸೀಸನ್ನಿನ ಶುರುವಿಗೆ ಒಮ್ಮೆ ಓದಿ.

ಆಕಾಶ ಮೂರು ಬಣ್ಣ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿವರೆಗೆ ಮಾತ್ರ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. ಕೆಂಪಿನಲ್ಲಿ ನಮ್ಮಂಥವರಿಗೆ ಜಾಗವಿಲ್ಲ. ಬೆಂಗಳೂರಿನ ಉತ್ತರದಿಂದ ಪೂರ್ವದವರೆಗೆ ದೇವನಹಳ್ಳಿ, ಯಲಹಂಕ ವಾಯುನೆಲೆ, ಜಕ್ಕೂರು, ಎಚ್‌ಎಎಲ್ ಸಾಲಾಗಿವೆ. ನಾನು ಕಲಿತ ಮೈದಾನದ ಸುತ್ತಮುತ್ತಲೇ ಇವತ್ತು ನಾನು ಹಾರಿಸುವಂತಿಲ್ಲ. ಬೇಸರವೇನೋ ಆಗುತ್ತದೆ, ಆದರೆ ಅಲ್ಲಿ ಮೇಲೆ ಮನುಷ್ಯರಿರುವ ವಿಮಾನಗಳಿವೆ. ಮಾಗಡಿ, ಕನಕಪುರದ ಕಡೆ ಹೋಗಿ, ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿಕೊಂಡು.

ಒಳ್ಳೆಯ ಜಾಗ ಅಂದರೆ ರಾಗಿ ಕುಯ್ದ ಹೊಲ, ಇಲ್ಲವೇ ನೀರಿಳಿದ ಕೆರೆಯಂಗಳ. ಯಜಮಾನರನ್ನು ಕಂಡು ಮಾತಾಡಿ, ವಿಮಾನ ತೋರಿಸಿ. ನಮ್ಮ ಹೊಲದ ಯಜಮಾನರು ಮೊದಲ ದಿನ ಅನುಮಾನದಿಂದಲೇ ನೋಡಿದ್ದರು, ಈಗ ನಾವು ಒಂದು ಭಾನುವಾರ ತಪ್ಪಿಸಿದರೆ ಯಾಕಪ್ಪಾ ಬರಲಿಲ್ಲ ಅಂತ ಕೇಳುತ್ತಾರೆ. ಕರೆಂಟಿನ ತಂತಿ, ನೀಲಗಿರಿ ತೋಪು, ತೆಂಗಿನ ತೋಟ ಇಳಿಯುವ ದಾರಿಯಲ್ಲಿರಬಾರದು. ಹಳ್ಳಿಯ ಮಕ್ಕಳು ಬಂದೇ ಬರುತ್ತಾರೆ. ಮೊದಲು ಅವರನ್ನು ಹಗ್ಗದ ಹಿಂದೆ ಕೂರಿಸಿ, ಆಮೇಲೆ ಬ್ಯಾಟರಿ ಸಿಕ್ಕಿಸಿ. ಪ್ರೊಪೆಲ್ಲರಿನ ಮುಂದೆಯೂ ಪಕ್ಕದಲ್ಲೂ ಯಾರೂ ನಿಲ್ಲಬಾರದು.

ಯಾವ ತಿಂಗಳು ಒಳ್ಳೆಯದು?

ಧನುರ್ಮಾಸದ ಬೆಳಿಗ್ಗೆಗೆ ಸಮ ಇಲ್ಲ. ಮಂಜು ಕರಗಿದ ಮೇಲೆ ಒಂಬತ್ತೂವರೆವರೆಗೆ ಗಾಳಿ ಅಲುಗುವುದಿಲ್ಲ. ಶಿವರಾತ್ರಿ ಕಳೆದರೆ ಹತ್ತು ಗಂಟೆಗೆಲ್ಲ ನೆಲ ಕಾದು ಬಿಸಿಗಾಳಿ ಏಳುತ್ತದೆ, ಹಗುರ ವಿಮಾನ ಕುಣಿಯುತ್ತದೆ. ಆಷಾಢದ ಗಾಳಿ ಗಾಳಿಪಟದ್ದು. ಆಗ ಮನೆಯಲ್ಲಿ ಕೂತು ಕಟ್ಟಿ.

ಪ್ಲಾನಿನಲ್ಲಿ ಹೇಳಿದ ಪ್ರೊಪೆಲ್ಲರ್ ಹಾಕಿದರೂ ಎಳೆತ ಸಾಲದು ಅನ್ನಿಸುತ್ತೆ, ಯಾಕೆ?

ನಮ್ಮ ಊರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ನೂರಕ್ಕೆ ಎಂಟು ಹತ್ತರಷ್ಟು ತೆಳು, ಏಪ್ರಿಲ್ ಬಿಸಿಲಲ್ಲಿ ಇನ್ನೂ ತೆಳು. ಅದೇ ಪ್ರೊಪೆಲ್ಲರ್ ಕಡಿಮೆ ಎಳೆಯುತ್ತದೆ, ಅದೇ ರೆಕ್ಕೆ ಸ್ವಲ್ಪ ಹೆಚ್ಚು ವೇಗದಲ್ಲೇ ಸ್ಟಾಲ್ ಆಗುತ್ತದೆ, ಅಂದರೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಅರ್ಧ ಅಥವಾ ಒಂದಿಂಚು ದೊಡ್ಡ ಪ್ರೊಪೆಲ್ಲರ್ ಹಾಕಿ ವಾಟ್ ಮೀಟರಿನಲ್ಲಿ ಕರೆಂಟು ನೋಡಿ. ಇಳಿಸುವಾಗ ಸ್ವಲ್ಪ ಥ್ರಾಟಲ್ ಉಳಿಸಿಕೊಳ್ಳಿ.

ಹದ್ದುಗಳು?

ಸುತ್ತುತ್ತವೆ. ಹತ್ತಿರ ಬಂದರೆ ವಿಮಾನ ಕೆಳಗಿಳಿಸಿ ಕಾಯಿರಿ. ಆಕಾಶ ಮೊದಲು ಅವುಗಳದ್ದು.

ರಿಸೀವರಿನಲ್ಲಿ ಗೈರೋ ಹಾಕಿಕೊಂಡರೆ ಮೋಸ ಮಾಡಿದ ಹಾಗಲ್ಲವಾ?

ಅಲ್ಲ. ಸ್ಕೇಲ್ ಮಾಡೆಲ್ ದೊಡ್ಡ ವಿಮಾನದ ಹಾಗೆ ಭಾರವಾಗಿ, ನಿಧಾನವಾಗಿ ಹಾರಬೇಕು. ವಾಲಿದ್ದನ್ನು ಗುರುತಿಸಿ ತಾನೇ ತಿದ್ದುವ ಗೈರೋ ಗಾಳಿಯ ಸಣ್ಣ ಅಲುಗಾಟವನ್ನು ನುಂಗಿಕೊಂಡರೆ ಆ ಚೆಂದ ಹೆಚ್ಚುತ್ತದೆ. ಆದರೆ ಅದು ಸರಿಯಾದ ದಿಕ್ಕಿಗೆ ತಿದ್ದುತ್ತಿದೆಯಾ ಅಂತ ನೆಲದ ಮೇಲೆ ನೋಡಿ. ವಿಮಾನವನ್ನು ಕೈಯಲ್ಲಿ ಬಲಕ್ಕೆ ವಾಲಿಸಿದರೆ ಬಲ ಐಲೆರಾನ್ ಕೆಳಗಿಳಿಯಬೇಕು. ತಿರುಗುಮುರುಗಾಗಿದ್ದರೆ ಎತ್ತಿದ ಎರಡು ಸೆಕೆಂಡಿನಲ್ಲಿ ವಿಮಾನ ಮಗುಚುತ್ತದೆ.

ಕಣ್ಣು ಮೊದಲಿನ ಹಾಗಿಲ್ಲ. ಹಾರಿಸಬಹುದಾ?

ದೂರದೃಷ್ಟಿಗೆ ಸರಿಯಾದ ಕನ್ನಡಕ ಸಾಕು. ಎರಡು ಭಾಗದ ಓದುವ ಕನ್ನಡಕ ಹಾಕಿಕೊಂಡು ಹಾರಿಸಬೇಡಿ, ತಲೆ ಎತ್ತಿದಾಗ ವಿಮಾನ ಗೆರೆಯ ಆಚೆ ಈಚೆ ಜಿಗಿಯುತ್ತದೆ. ರೆಕ್ಕೆಯ ಕೆಳಭಾಗಕ್ಕೆ ಕಡು ಬಣ್ಣ, ಮೇಲ್ಭಾಗಕ್ಕೆ ತಿಳಿ ಬಣ್ಣ ಕೊಡಿ. ದೂರ ಕಳಿಸಬೇಡಿ. ಪಕ್ಕದಲ್ಲಿ ಒಬ್ಬರು ನಿಂತು ಗಾಳಿ, ಜನ, ಸಮಯ ಹೇಳುತ್ತಿರಲಿ. ನನ್ನ ಜೊತೆ ನನ್ನ ಮಗಳು ನಿಲ್ಲುತ್ತಾಳೆ, ಅವಳ ಕಣ್ಣು ನನಗಿಂತ ಮೊದಲು ಎಲ್ಲವನ್ನೂ ನೋಡುತ್ತದೆ.

ಮೊದಲ ಹಾರಾಟದ ದಿನ ಏನೇನು ನೋಡಬೇಕು?

ಹಿಂದಿನ ರಾತ್ರಿಯೇ ತೂಕದ ಕೇಂದ್ರ. ಏಳರಲ್ಲಿ ಒಂದು ಪುಷ್ಪಕ್‌ನ ರೆಕ್ಕೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 21 ಸೆಂಟಿಮೀಟರ್. ಮುಂದಿನ ಅಂಚಿನಿಂದ ಐದೂವರೆ ಸೆಂಟಿಮೀಟರ್ ಹಿಂದೆ, ಎರಡೂ ಕಡೆ ಬೆರಳ ತುದಿಯಲ್ಲಿ ಎತ್ತಿದರೆ ವಿಮಾನ ಮಟ್ಟವಾಗಿ, ಮೂಗು ಕೂದಲೆಳೆಯಷ್ಟು ಕೆಳಗಾಗಿ ನಿಲ್ಲಬೇಕು. ಬ್ಯಾಟರಿ ಮುಂದೆ ಸರಿಸಿ ನೋಡಿ, ಆಗದಿದ್ದರೆ ಮಾತ್ರ ಸೀಸ. ಬಾಲ ಭಾರವಾಗಿರುವ ವಿಮಾನವನ್ನು ಯಾವ ಕೈಯೂ ಉಳಿಸಲಾರದು. ರೆಕ್ಕೆ ತುದಿಗಳು ಬುಡಕ್ಕಿಂತ ಎರಡು ಡಿಗ್ರಿ ಕೆಳಮುಖವಾಗಿ ತಿರುಚಿರಲಿ, ಆಗ ತುದಿ ಮೊದಲು ಸ್ಟಾಲ್ ಆಗುವುದಿಲ್ಲ.

ಹೊಲದಲ್ಲಿ ರೇಂಜ್ ಚೆಕ್, ಅಂದರೆ ಸಿಗ್ನಲ್ ತಲುಪುತ್ತದಾ ಅಂತ ನೋಡುವುದು, ಮೂವತ್ತು ಹೆಜ್ಜೆ ದೂರದಿಂದ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರು ನಿಲ್ಲುತ್ತದಾ ನೋಡಿ, ಆಗ ವಿಮಾನವನ್ನು ಯಾರಾದರೂ ಹಿಡಿದಿರಲಿ. ಬಲಕ್ಕೆ ತಳ್ಳಿದರೆ ಬಲ ಐಲೆರಾನ್ ಮೇಲೇಳಬೇಕು. ಇದನ್ನು ಬಾಯಿಬಿಟ್ಟು ಹೇಳಿಕೊಂಡೇ ನೋಡಿ. ಗಾಳಿಗೆ ಎದುರಾಗಿ, ಥ್ರಾಟಲ್ ಮೂರು ಎಣಿಸುತ್ತಾ ಏರಿಸಿ. ಬಾಲದ ಚಕ್ರದ ವಿಮಾನ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ (ಬಾಲದ ಚುಕ್ಕಾಣಿ) ಮೇಲೆ ಬೆರಳಿರಲಿ. ಎತ್ತರ ಬಂದ ಮೇಲೆ ಥ್ರಾಟಲ್ ಇಳಿಸಿ, ಸ್ಟಿಕ್ ಬಿಟ್ಟರೂ ನೆಟ್ಟಗೆ ಹಾರುವ ಹಾಗೆ ಟ್ರಿಮ್ ಮಾಡಿ, ಸ್ಟಾಲ್ ಎಲ್ಲಿ ಆಗುತ್ತದೆ ಅಂತ ಅಲ್ಲೇ ತಿಳಿದುಕೊಳ್ಳಿ. ತಿರುವಿನಲ್ಲಿ ಐಲೆರಾನ್ ಜೊತೆ ರಡ್ಡರೂ ಕೊಡಿ, ಇಲ್ಲದಿದ್ದರೆ ಇಂಥ ರೆಕ್ಕೆಯ ವಿಮಾನ ಮೂಗನ್ನು ಹೊರಗೆ ಚಾಚಿ ಓರೆಯಾಗಿ ಜಾರುತ್ತದೆ. ನಾಲ್ಕು ನಿಮಿಷಕ್ಕೆ ಇಳಿಸಿ. ಮೊದಲ ದಿನಕ್ಕೆ ಅಷ್ಟೇ.

ಪುಷ್ಪಕ್‌ನ ಪ್ಲಾನ್ ನಿಮ್ಮ ಹತ್ತಿರ ಇದೆಯಾ?

ಇದೆ. ಫೋಟೋಗಳಿಂದ, ಪ್ರಕಟವಾದ ಅಳತೆಗಳಿಂದ ನಾನೇ ಎಳೆದದ್ದು, ಮೂರು ಕಂದು ಕಾಗದದ ಹಾಳೆ. ಎರಡು ಸಲ ತಿದ್ದಿದ್ದೇನೆ. ಸ್ಟ್ರಟ್ಟು ಫ್ಯೂಸಲಾಜಿಗೆ ಸೇರುವ ಜಾಗ ಇನ್ನೂ ನನಗೆ ಒಪ್ಪಿಗೆಯಾಗಿಲ್ಲ, ಅದಕ್ಕೆ ಒಂದು ನಿಜವಾದ ಪುಷ್ಪಕ್‌ನ ಪಕ್ಕ ಟೇಪು ಹಿಡಿದು ನಿಲ್ಲಬೇಕು. ನಿಮ್ಮ ಕೈಗೆ ಹಾಗೊಂದು ವಿಮಾನ ಸಿಕ್ಕರೆ ಆ ಕೀಲಿನ ಫೋಟೋ ತೆಗೆದಿಡಿ. ಎಡ ರೆಕ್ಕೆ ಮುಗಿದಿದೆ, ಬಲ ರೆಕ್ಕೆಯ ರಿಬ್ಬುಗಳು ಹಲಗೆ ಮೇಲೆ ಪಿನ್ನಿನಲ್ಲಿ ನಿಂತಿವೆ, ಫೆವಿಕಾಲ್ ಒಣಗುತ್ತಿದೆ.